ಸಹಾಯ ಬೇಕು: ಸಸ್ಪೆಂಡ್‌ನಿಂದ ಎದ್ದ ಮೇಲೆ ವೈಫೈ ಕಾರ್ಡೇ ಕಾಣೆ

ಎಲ್ಲರಿಗೂ ನಮಸ್ಕಾರ. ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಸಸ್ಪೆಂಡ್ ಆಗಿ ಎದ್ದ ಮೇಲೆ ಒಮ್ಮೊಮ್ಮೆ ವೈಫೈ ಪೂರ್ತಿ ಮಾಯವಾಗುತ್ತಿದೆ. ಸಿಗ್ನಲ್ ಸಿಗದೇ ಇರುವುದಲ್ಲ, ಐಪಿ ಲಿಂಕ್ ಕಮಾಂಡ್ ಕೊಟ್ಟರೆ ವೈಫೈ ಇಂಟರ್‌ಫೇಸೇ ಇರುವುದಿಲ್ಲ. ಕೇಬಲ್ ಹಾಕಿದರೆ ಇಂಟರ್‌ನೆಟ್ ಸರಿಯಾಗಿ ಬರುತ್ತದೆ. ಹಾಗಾಗಿ ರೌಟರ್, ಡಿಎನ್‌ಎಸ್ ಕಡೆ ನೋಡುವುದು ಬೇಡ ಅನಿಸುತ್ತದೆ.

ಆರ್‌ಎಫ್‌ಕಿಲ್‌ನಲ್ಲಿ (ವೈರ್‌ಲೆಸ್ ಆಫ್ ಆಗಿದೆಯೇ ಎಂದು ತೋರಿಸುವ ಕಮಾಂಡ್) ಯಾವುದೂ ಬ್ಲಾಕ್ ಆಗಿಲ್ಲ. ಮಾಡ್‌ಪ್ರೋಬ್ ಬಳಸಿ ಡ್ರೈವರ್ ತೆಗೆದು ಮತ್ತೆ ಹಾಕಿದೆ, ಪ್ರಯೋಜನ ಆಗಲಿಲ್ಲ. ಕರ್ನಲ್ ಲಾಗ್‌ನಲ್ಲಿ ಮಾತ್ರ ಒಂದು ಸುಳಿವು ಸಿಕ್ಕಿದೆ: ಕಾರ್ಡನ್ನು ಡಿ3ಕೋಲ್ಡ್‌ನಿಂದ (ಪವರ್ ಪೂರ್ತಿ ಕಡಿತವಾದ ಸ್ಥಿತಿ) ಡಿ0 (ಪೂರ್ತಿ ಎಚ್ಚರದ) ಸ್ಥಿತಿಗೆ ತರಲು ಆಗಲಿಲ್ಲ ಎನ್ನುವ ಸಂದೇಶ. ಅಂದರೆ ಮಲಗಿದ ಕಾರ್ಡ್ ಏಳುತ್ತಲೇ ಇಲ್ಲ, ಅಲ್ವಾ? ಇನ್ನೊಂದು ವಿಷಯ. ಸುಮ್ನೆ ರೀಬೂಟ್ ಮಾಡಿದರೆ ಕಾರ್ಡ್ ವಾಪಸ್ ಬರುವುದಿಲ್ಲ. ಪೂರ್ತಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಬರುತ್ತದೆ. ಇದಕ್ಕೇ ನನಗೆ ಡ್ರೈವರ್‌ಗಿಂತ ಪವರ್ ಮ್ಯಾನೇಜ್‌ಮೆಂಟ್ ಮೇಲೆ ಅನುಮಾನ ಜಾಸ್ತಿ. ಸ್ಲೀಪ್ ಮೋಡ್‌ನಲ್ಲಿ ಎಸ್2ಐಡಲ್ (ಹಗುರ ನಿದ್ದೆ) ಒಂದೇ ಇದೆ, ಡೀಪ್ (ಗಾಢ ನಿದ್ದೆ) ಆಯ್ಕೆ ಕಾಣುತ್ತಿಲ್ಲ.

ಈಗ ನನ್ನ ಪ್ರಶ್ನೆ. ಆ ಕಾರ್ಡ್‌ಗೆ ಮಾತ್ರ ಡಿ3ಕೋಲ್ಡ್ ಅನುಮತಿಯನ್ನು 0 ಮಾಡಿದರೆ (ಅಂದರೆ ಆ ಸ್ಥಿತಿಗೆ ಹೋಗದಂತೆ ತಡೆದರೆ) ಸಾಕೇ, ಅಥವಾ ಅದರ ಮೇಲಿನ ಪಿಸಿಐ ಬ್ರಿಡ್ಜ್‌ಗೂ (ಕಾರ್ಡನ್ನು ಸಿಸ್ಟಮ್‌ಗೆ ಜೋಡಿಸುವ ಭಾಗ) ಮಾಡಬೇಕೇ? ಪ್ರತಿ ಬೂಟ್‌ನಲ್ಲೂ ಅದು ಉಳಿಯಲು ಯುಡೆವ್ (ಸಾಧನ ಪತ್ತೆಯಾದಾಗ ಸೆಟ್ಟಿಂಗ್ ಹಾಕುವ ಲಿನಕ್ಸ್ ವ್ಯವಸ್ಥೆ) ನಿಯಮ ಹೇಗೆ ಬರೆಯಬೇಕು? ಕರ್ನಲ್ ಆಯ್ಕೆ ಕೊಟ್ಟು ಎಎಸ್‌ಪಿಎಂ (ಪಿಸಿಐ ಲಿಂಕ್‌ಗಳ ಪವರ್ ಉಳಿಸುವ ವ್ಯವಸ್ಥೆ) ಅನ್ನೇ ಪೂರ್ತಿ ನಿಲ್ಲಿಸಲು ಮನಸ್ಸಿಲ್ಲ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಇದೇ ತೊಂದರೆ ಸರಿಪಡಿಸಿಕೊಂಡವರು ಇದ್ದರೆ ದಯವಿಟ್ಟು ತಿಳಿಸಿ. ಪೂರ್ತಿ ಲಾಗ್ ಬೇಕಿದ್ದರೆ ಈಗಲೇ ಹಾಕುತ್ತೇನೆ.