‘ಕ್ಯಾಲಿಬ್ರೇಷನ್’ಗೆ ‘ತಾಳೆ’ ಒಪ್ಪುತ್ತದೆಯೇ? ಜೊತೆಗೆ ಇನ್ನೂ ಕೆಲವು ಪದಗಳು

ಬಳಗದ ಎಲ್ಲರಿಗೂ ಶರಣು ಶರಣಾರ್ಥಿ.

ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧಿಗಳ ಕಚ್ಚಾ ಪದಾರ್ಥ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಅಳತೆ ಸಾಧನಗಳ ವಿಭಾಗ ನೋಡಿಕೊಳ್ಳುತ್ತೇನೆ. ಪ್ರೆಶರ್ ಗೇಜ್, ಉಷ್ಣಮಾಪಕ, ತೂಕದ ಯಂತ್ರ, ಪಿಎಚ್ ಮೀಟರ್ ಎಲ್ಲ ಸೇರಿ ಆರು ನೂರರ ಆಸುಪಾಸು ಸಾಧನಗಳಿವೆ. ಯಾವುದರ ಕ್ಯಾಲಿಬ್ರೇಷನ್ (ಸಾಧನ ತೋರಿಸುವ ಅಂಕಿಯನ್ನು ನಂಬಿಕೆಯ ಮಾನದಂಡದೊಂದಿಗೆ ಹೋಲಿಸಿ ನೋಡುವ ಕೆಲಸ) ಯಾವಾಗ ಆಯಿತು, ಮುಂದಿನದು ಯಾವಾಗ ಎಂಬುದೆಲ್ಲ ಇದುವರೆಗೆ ಒಂದು ದಪ್ಪ ರಿಜಿಸ್ಟರಿನಲ್ಲಿ ಮತ್ತು ಒಂದು ಎಕ್ಸೆಲ್ ಹಾಳೆಯಲ್ಲಿತ್ತು. ಈಗ ಅದಕ್ಕೆಂದೇ ಇರುವ ಸಾಫ್ಟ್‌ವೇರ್ ಕೊಳ್ಳುವುದೆಂದು ತೀರ್ಮಾನವಾಗಿದೆ. ಮೂರು ಕಂಪನಿಯವರು ಬಂದು ತಮ್ಮ ತಮ್ಮ ಸಾಫ್ಟ್‌ವೇರ್ ತೋರಿಸಿ ಹೋಗಿದ್ದಾರೆ. ತೆರೆಯ ಮೇಲಿನ ಪದಗಳೂ ಸಾಧನಕ್ಕೆ ಅಂಟಿಸುವ ಚೀಟಿಯೂ ಕನ್ನಡದಲ್ಲಿರಬೇಕು ಎಂದು ಸಭೆಯಲ್ಲಿ ಹಠ ಹಿಡಿದವನು ನಾನು. ಪಾಳಿಯಲ್ಲಿ ನಿಂತು ಗೇಜ್ ನೋಡುವವರು ಔರಾದ, ಭಾಲ್ಕಿ, ಹುಮನಾಬಾದ್ ಕಡೆಯ ಹುಡುಗರು. ಕೆಲವರ ಮನೆಮಾತು ಮರಾಠಿ, ಕೆಲವರದು ತೆಲುಗು, ಕೆಲವರದು ದಖನಿ. ಎಲ್ಲರೂ ಶಾಲೆಯಲ್ಲಿ ಕಲಿತು ತಡವರಿಸದೆ ಓದುವುದು ಕನ್ನಡ.

ಹಠವೇನೋ ಗೆದ್ದಿತು. ಆದರೆ ಒಂದು ಕಂಪನಿ ಯಂತ್ರಾನುವಾದ ಮಾಡಿಸಿ ತಂದ ಕನ್ನಡದ ತೆರೆ ನೋಡಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ‘ಟಾಲರೆನ್ಸ್ ಮೀರಿದೆ’, ಅಂದರೆ ಒಪ್ಪಬಹುದಾದ ವ್ಯತ್ಯಾಸದ ಮಿತಿ ದಾಟಿದೆ, ಎನ್ನಬೇಕಾದಲ್ಲಿ ‘ಸಹಿಷ್ಣುತೆಯ ಹೊರಗೆ’ ಎಂದಿತ್ತು. ಎರಡು ಕ್ಯಾಲಿಬ್ರೇಷನ್‌ಗಳ ನಡುವಿನ ಕಾಲಕ್ಕೆ ‘ಮಧ್ಯಂತರ’ ಎಂದಿತ್ತು. ನಮ್ಮ ಹುಡುಗರಿಗೆ ಅದು ಸಿನಿಮಾದ ಅರ್ಧದಲ್ಲಿ ಬರುವ ಬಿಡುವು. ಇವೆರಡನ್ನು ತಿದ್ದುವುದು ಕಷ್ಟವಲ್ಲ: ಮೊದಲನೆಯದಕ್ಕೆ ‘ಒಪ್ಪುಮಿತಿ’, ಎರಡನೆಯದಕ್ಕೆ ಬರೀ ‘ಅವಧಿ’ ಎಂದು ನಾನೇ ಬರೆದುಕೊಟ್ಟಿದ್ದೇನೆ. ಯಾರಿಗಾದರೂ ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ. ನಾನು ಸಿಕ್ಕಿಕೊಂಡಿರುವುದು ಮೂಲ ಪದದಲ್ಲೇ. ಕ್ಯಾಲಿಬ್ರೇಷನ್‌ಗೆ ಏನೆನ್ನೋಣ?

ಯಂತ್ರಾನುವಾದ ಕೊಡುವುದು ‘ಮಾಪನಾಂಕ ನಿರ್ಣಯ’. ಎರಡು ಬೆರಳಗಲದ ಚೀಟಿಯಲ್ಲಿ ಅದು ಹಿಡಿಸುವುದಿಲ್ಲ ಎಂಬುದು ಸಣ್ಣ ತಕರಾರು. ದೊಡ್ಡ ತಕರಾರು ‘ನಿರ್ಣಯ’ದ ಬಗ್ಗೆ. ಕ್ಯಾಲಿಬ್ರೇಷನ್ ಯಾವುದನ್ನೂ ನಿರ್ಣಯಿಸುವುದಿಲ್ಲ. ಸಾಧನ ಪಾಸು ಎಂದೂ ಹೇಳುವುದಿಲ್ಲ, ಫೇಲು ಎಂದೂ ಹೇಳುವುದಿಲ್ಲ. ಹಿಂದಿಯಿಂದ ಬಂದ ‘ಅಂಶಾಂಕನ’ವನ್ನೂ ಕೆಲವು ಬರಹಗಳಲ್ಲಿ ನೋಡಿದ್ದೇನೆ. ಅಂಶಗಳನ್ನು ಗುರುತು ಹಾಕುವುದು ಎಂಬ ಅರ್ಥ ಅದರಲ್ಲಿದೆ. ಗಾಜಿನ ಕೊಳವೆಗೆ ಪಾದರಸ ತುಂಬಿ, ಮಂಜುಗಡ್ಡೆಯಲ್ಲೊಮ್ಮೆ ಕುದಿವ ನೀರಲ್ಲೊಮ್ಮೆ ಇಟ್ಟು ಗೆರೆ ಕೊರೆಯುವವನ ಕೆಲಸಕ್ಕೆ ಅದು ಸರಿಯಾದ ಪದ. ನಮ್ಮ ಕೈಗೆ ಬರುವ ಸಾಧನಕ್ಕೆ ಗೆರೆ ಮೊದಲೇ ಬಿದ್ದಿರುತ್ತದೆ. ಆ ಗೆರೆ ನಿಜ ಹೇಳುತ್ತಿದೆಯೇ ಎಂದು ಕೇಳುವುದು ನಮ್ಮ ಕೆಲಸ.

ಇಲ್ಲಿ ಕ್ಯಾಲಿಬ್ರೇಷನ್ ಅಂದರೇನು ಎಂದು ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಪದದ ತೊಡಕು ವಿಷಯದ ತೊಡಕಿನಿಂದಲೇ ಹುಟ್ಟಿದೆ. ಅಳತೆಶಾಸ್ತ್ರದ ಅಂತರರಾಷ್ಟ್ರೀಯ ಪದಕೋಶದ 2012ರ ಆವೃತ್ತಿ ಮೂರು ಕೆಲಸಗಳನ್ನು ಸ್ಪಷ್ಟವಾಗಿ ಬೇರೆ ಇಡುತ್ತದೆ. ನಂಬಿಕೆಯ ಮಾನದಂಡ ಕೊಡುವ ಮೌಲ್ಯಕ್ಕೂ ನಮ್ಮ ಸಾಧನ ತೋರಿಸುವ ಅಂಕಿಗೂ ಇರುವ ಸಂಬಂಧವನ್ನು, ಅದರ ಅನಿಶ್ಚಿತತೆಯೊಂದಿಗೆ (ಅಂಕಿ ಎಷ್ಟು ಆಚೀಚೆ ಇರಬಹುದು ಎಂಬ ಅಂದಾಜಿನೊಂದಿಗೆ), ಕಂಡುಹಿಡಿಯುವುದು ಕ್ಯಾಲಿಬ್ರೇಷನ್. ತಿಳಿದುಬಂದ ವ್ಯತ್ಯಾಸವನ್ನು ಸ್ಕ್ರೂ ತಿರುಗಿಸಿಯೋ ಗುಂಡಿ ಒತ್ತಿಯೋ ಸರಿಪಡಿಸುವುದು ಅಡ್ಜಸ್ಟ್‌ಮೆಂಟ್. ಸಾಧನವು ಗೊತ್ತುಪಡಿಸಿದ ಅಗತ್ಯಗಳನ್ನು ಪೂರೈಸುತ್ತದೆ ಎಂದು ಖಾತ್ರಿ ಮಾಡುವುದು ವೆರಿಫಿಕೇಶನ್. ಒಂದನ್ನು ಇನ್ನೊಂದೆಂದು ಭ್ರಮಿಸಬಾರದು ಎಂದು ಆ ಪದಕೋಶ ಟಿಪ್ಪಣಿ ಹಾಕಿಯೇ ಎಚ್ಚರಿಸುತ್ತದೆ. ಈ ಮೂರರಲ್ಲಿ ಕೊನೆಯದಕ್ಕೆ ಕನ್ನಡದಲ್ಲಿ ನೆಲೆ ಸಿಕ್ಕಿದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಅಂಗಡಿಯ ತಕ್ಕಡಿಗೆ, ತೂಕದ ಬಟ್ಟುಗಳಿಗೆ ಇಲಾಖೆ ಮಾಡುವ ಕೆಲಸವನ್ನು ‘ಸತ್ಯಾಪನೆ’ ಎನ್ನುತ್ತಾರೆ. ಜನ ಅದನ್ನು ‘ಮುದ್ರೆ ಹಾಕಿಸುವುದು’ ಎನ್ನುತ್ತಾರೆ. ಎರಡೂ ಇರಲಿ.

ಮೊದಲೆರಡು ಮಾತ್ರ ನಮ್ಮಲ್ಲಿ ಒಂದರೊಳಗೊಂದು ಕರಗಿಹೋಗಿವೆ. ಇದರ ಕೆಡುಕನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ನಾನಿದ್ದ ಬೇರೊಂದು ಕಾರ್ಖಾನೆಯಲ್ಲಿ ಒಣಗಿಸುವ ಯಂತ್ರದ ಉಷ್ಣಮಾಪಕವೊಂದು ನಿಜಕ್ಕಿಂತ ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ತಂತ್ರಜ್ಞ ಅದನ್ನು ಕಂಡ, ಸ್ಕ್ರೂ ತಿರುಗಿಸಿ ಸರಿ ಮಾಡಿದ, ರಿಜಿಸ್ಟರಿನಲ್ಲಿ ‘ಕ್ಯಾಲಿಬ್ರೇಷನ್ ಮಾಡಿದೆ, ಸರಿಯಿದೆ’ ಎಂದು ಬರೆದ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಅವನು ಕಲಿತ ಭಾಷೆಯಲ್ಲಿ ಕ್ಯಾಲಿಬ್ರೇಷನ್ ಎಂದರೆ ಸರಿ ಮಾಡುವುದೇ ಆಗಿತ್ತು. ನಾಲ್ಕು ಡಿಗ್ರಿ ಎಂಬ ಸಂಗತಿ ಎಲ್ಲಿಯೂ ದಾಖಲಾಗಲಿಲ್ಲ. ಎರಡು ತಿಂಗಳಾದ ಮೇಲೆ ಮಾತಿನ ನಡುವೆ ಅವನ ಬಾಯಿಂದಲೇ ಆ ಅಂಕಿ ಹೊರಬಂದಾಗ ಎಲ್ಲರೂ ಸ್ತಬ್ಧರಾದೆವು. ಅದಕ್ಕೂ ಮುಂಚೆ ತಯಾರಾದ ಬ್ಯಾಚುಗಳಲ್ಲಿ ಎಷ್ಟು ಔಷಧಿ ಹೆಚ್ಚು ಕಾದಿತ್ತು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಆ ಹುಡುಗನನ್ನು ಬೈದರು. ನನ್ನ ಪ್ರಕಾರ ತಪ್ಪು ಪದದ್ದು.

ಹಾಗಾಗಿ ಈ ಬಾರಿ ಸಾಫ್ಟ್‌ವೇರ್ ಆರಿಸುವಾಗ ನಾನು ಮೊದಲು ಕೇಳಿದ ಪ್ರಶ್ನೆ ಇದು: ಸಾಧನ ಸಿಕ್ಕಾಗ ಹೇಗಿತ್ತು, ಬಿಟ್ಟಾಗ ಹೇಗಿತ್ತು, ಎರಡನ್ನೂ ಬೇರೆ ಬೇರೆ ಅಂಕಣಗಳಲ್ಲಿ ತುಂಬದೆ ಮುಂದೆ ಹೋಗಲು ಬಿಡುತ್ತದೆಯೇ? ಮೂರರಲ್ಲಿ ಒಂದು ಬಿಡುತ್ತದೆ. ಅದನ್ನು ಅಲ್ಲೇ ಪಕ್ಕಕ್ಕಿಟ್ಟೆವು. ಉಳಿದ ಎರಡರಲ್ಲಿ ಈ ಅಂಕಣಗಳ ಇಂಗ್ಲಿಷ್ ಹೆಸರು ‘ಆ್ಯಸ್ ಫೌಂಡ್’, ‘ಆ್ಯಸ್ ಲೆಫ್ಟ್’. ಯಂತ್ರಾನುವಾದ ‘ಕಂಡುಬಂದಂತೆ’, ‘ಎಡಕ್ಕೆ’ ಎಂದು ತಂದಿತ್ತು. ನಾನು ‘ಮುಟ್ಟುವ ಮುನ್ನ’, ‘ಮುಟ್ಟಿದ ಮೇಲೆ’ ಎಂದು ಬರೆದೆ. ಪಾಳಿಯ ಹುಡುಗನೊಬ್ಬನಿಗೆ ತೋರಿಸಿದೆ. ಅವನು ಓದಿ, “ಹಾಗಾದರೆ ಮೊದಲು ಅಂಕಿ ಬರೆಯದೆ ಸ್ಕ್ರೂ ಮುಟ್ಟಬಾರದೇನು ಸರ್?” ಎಂದು ಕೇಳಿದ. ಎರಡು ದಿನದ ತರಬೇತಿಯಲ್ಲಿ ಹೇಳಬೇಕಾದದ್ದನ್ನು ಆ ಎರಡು ಪದ ಹೇಳಿದ್ದವು. ಇವನ್ನು ಬದಲಿಸಲು ನನಗೆ ಮನಸ್ಸಿಲ್ಲ.

ಇನ್ನು ಕ್ಯಾಲಿಬ್ರೇಷನ್ನಿಗೆ ನಾನು ಸೂಚಿಸಿದ ‘ತಾಳೆ’ಯ ಕಥೆ. ನನ್ನ ತಂದೆ ಇಲ್ಲಿನ ಧಾನ್ಯದ ಮಾರುಕಟ್ಟೆ ಗಾಂಧಿ ಗಂಜ್‌ನ ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ತೂಕದ ಕೆಲಸ ಮಾಡಿದವರು. ತೊಗರಿ, ಉದ್ದು, ಆಮೇಲೆ ಸೋಯಾ. ಬೆಳಿಗ್ಗೆ ಮೊದಲ ಚೀಲ ಏರಿಸುವ ಮುನ್ನ ಮುದ್ರೆ ಬಿದ್ದ ಇಪ್ಪತ್ತು ಕಿಲೊ ಬಟ್ಟನ್ನು ಕಾಟಾದ (ತೂಕದ ಯಂತ್ರದ) ಮೇಲಿಟ್ಟು ನೋಡುತ್ತಿದ್ದರು. ಅನುಮಾನ ಬಂದ ರೈತರು, “ಸಾವಕಾರರೇ, ಮೊದಲು ಕಾಟಾ ತಾಳೆ ನೋಡಿ” ಎನ್ನುತ್ತಿದ್ದರು. ಅಪ್ಪ ಬಟ್ಟು ಇಟ್ಟು ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದರು: “ಇಪ್ಪತ್ತಕ್ಕೆ ಐವತ್ತು ಗ್ರಾಂ ಕಡಿಮೆ.” ಸರಿಪಡಿಸುವ ಅಧಿಕಾರ ಅವರಿಗಿರಲಿಲ್ಲ, ಅದಕ್ಕೆ ಪರವಾನಗಿ ಇರುವವರು ಬರಬೇಕಿತ್ತು. ವ್ಯತ್ಯಾಸ ಎಷ್ಟೆಂದು ತಿಳಿದು ಎಲ್ಲರಿಗೂ ಕೇಳುವಂತೆ ಹೇಳುವುದು ಮಾತ್ರ ಅವರ ಕೆಲಸ. ಪೂರ್ಣ ಅರ್ಥದಲ್ಲಿ ಅದು ಕ್ಯಾಲಿಬ್ರೇಷನ್ ಅಲ್ಲ, ಒಂದೇ ಬಿಂದುವಿನ ಪರೀಕ್ಷೆ. ಅನಿಶ್ಚಿತತೆಯ ಲೆಕ್ಕವೂ ಅಲ್ಲಿಲ್ಲ. ಆದರೆ ನಂಬಿಕೆಯ ಮಾನದ ಪಕ್ಕಕ್ಕೆ ಇಟ್ಟು ನೋಡುವುದು, ನೋಡಿದ್ದನ್ನು ಮುಟ್ಟದೆ ಹೇಳುವುದು ಎಂಬ ತಿರುಳು ಅಲ್ಲಿ ಇಡಿಯಾಗಿದೆ. ಈ ಪದ ಲೆಕ್ಕಪತ್ರ ಬರೆಯುವವರಿಗೂ ಗೊತ್ತು, ಹಸ್ತಪ್ರತಿ ಸಂಪಾದಿಸುವವರಿಗೂ ಗೊತ್ತು, ಗಂಜ್‌ನ ಹಮಾಲರಿಗೂ ಗೊತ್ತು.

ಇದಕ್ಕೆ ಸಭೆಯಲ್ಲಿ ಮೂರು ಆಕ್ಷೇಪ ಬಂದವು. ತಾಳೆ ಎಂದರೆ ಮರ, ಎಣ್ಣೆ ಎಂದರು. ಗೇಜಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಯಾರೂ ಎಣ್ಣೆ ಹುಡುಕುವುದಿಲ್ಲ. ಲೆಕ್ಕದ ವಿಭಾಗದವರು ತಮ್ಮ ‘ಟ್ಯಾಲಿ’ ಸಾಫ್ಟ್‌ವೇರ್‌ನೊಂದಿಗೆ ಗೊಂದಲವಾದೀತು ಎಂದರು. ಅದನ್ನು ಅವರು ಬರೆಯುವುದೂ ಉಚ್ಚರಿಸುವುದೂ ಬೇರೆ. ಮೂರನೆಯ ಆಕ್ಷೇಪ ಗಂಭೀರವಾದದ್ದು, ಅದನ್ನು ಎತ್ತಿದವರು ನಮ್ಮ ಗುಣಮಟ್ಟ ವಿಭಾಗದ ಹಿರಿಯರು. “ತಾಳೆ ಎಂದ ಕೂಡಲೇ ‘ಹೊಂದಿತು’ ಎಂಬ ಅರ್ಥ ಬರುತ್ತದಲ್ಲ? ‘ತಾಳೆ ಪ್ರಮಾಣಪತ್ರ’ ಎಂದು ಬರೆದರೆ ಸಾಧನ ಸರಿಯಿದೆ ಎಂದು ಸಾಕ್ಷಿ ಹೇಳಿದಂತೆ ಆಗುವುದಿಲ್ಲವೇ?”

ನಾನು ಮೂರು ದಿನ ಇದನ್ನೇ ಯೋಚಿಸಿದೆ. ಕನ್ನಡದಲ್ಲಿ ‘ತಾಳೆ ನೋಡು’ ಬೇರೆ, ‘ತಾಳೆಯಾಗು’ ಬೇರೆ. ತಾಳೆ ನೋಡಿದೆ, ತಾಳೆಯಾಗಲಿಲ್ಲ ಎಂದು ನಾವು ದಿನವೂ ಹೇಳುತ್ತೇವೆ. ಇಂಗ್ಲಿಷಿನ ಕ್ಯಾಲಿಬ್ರೇಟೆಡ್ ಎಂಬ ಪದದಲ್ಲಿ ಇಲ್ಲದ ಒಂದು ಬಿಡುವು ನಮ್ಮ ಕ್ರಿಯಾಪದದಲ್ಲಿದೆ. ಹಾಗಾಗಿ ಚೀಟಿಯ ಮೇಲೆ ಬರೀ ನಾಮಪದ ಬರೆಯದೆ ‘ತಾಳೆ ನೋಡಿದ ದಿನ’, ‘ಮುಂದೆ ನೋಡಬೇಕಾದ ದಿನ’ ಎಂದು ಬರೆದರೆ ಆಕ್ಷೇಪ ಕರಗುತ್ತದೆ. ಪ್ರಮಾಣಪತ್ರದ ತಲೆಬರಹದಲ್ಲಿ ಮಾತ್ರ ಕ್ರಿಯಾಪದಕ್ಕೆ ಜಾಗವಿಲ್ಲ. ಅಲ್ಲಿ ‘ತಾಳೆ ವರದಿ’ ಎಂದರೆ ಸಾಕೇ? ‘ಅಳತೆ ತಾಳೆ ಪತ್ರ’ ಎನ್ನಬೇಕೇ? ಮಾನ್ಯತೆ ಪಡೆದ ಪ್ರಯೋಗಾಲಯದ ಕಾಗದದ ತೂಕ ‘ವರದಿ’ಯಲ್ಲಿ ಇಳಿದುಹೋಗುತ್ತದೆಯೇ ಎಂಬ ಅಳುಕು ನನಗಿದೆ.

‘ಒರೆ’ಯನ್ನು ಯಾಕೆ ಬಿಟ್ಟೆ ಎಂದು ಕೆಲವರು ಕೇಳಬಹುದು. ಒರೆಗೆ ಹಚ್ಚುವುದು ಚಂದದ ಮಾತು. ಆದರೆ ಅಕ್ಕಸಾಲಿಗ ಒರೆಗಲ್ಲಿಗೆ ತಿಕ್ಕಿ ನೋಡುವುದು ಚಿನ್ನವನ್ನು, ಅಂದರೆ ಸರಕನ್ನು. ನಾವು ನೋಡುವುದು ಸರಕನ್ನು ಅಳೆಯುವ ಸಾಧನವನ್ನು. ಆದರೂ ಆ ಪದವನ್ನು ಕೈಬಿಡಲು ಮನಸ್ಸಾಗದೆ, ಹೋಲಿಸಿ ನೋಡಲು ಇಟ್ಟುಕೊಳ್ಳುವ ಮೇಲ್ಮಟ್ಟದ ಸಾಧನಕ್ಕೆ ‘ಒರೆಮಾನ’ ಎಂದು ಕಟ್ಟಿದ್ದೇನೆ. ಕಾರ್ಖಾನೆಯಲ್ಲಿ ಅದನ್ನು ‘ಮಾಸ್ಟರ್’ ಎನ್ನುತ್ತಾರೆ; ಅನುವಾದದಲ್ಲಿ ಅದು ‘ಯಜಮಾನ’ ಎಂದು ಬಂದಿತ್ತು. ಒರೆಮಾನ ಕಿವಿಗೆ ಹಿತವಾಗಿದೆಯೇ, ಹಳಗನ್ನಡ ಬಲ್ಲವರಿಗೆ ಅದರಲ್ಲಿ ಏನಾದರೂ ಅಡ್ಡಿ ಕಾಣುತ್ತದೆಯೇ ಹೇಳಿ.

ಪದದ ಬೇರು ಹುಡುಕುತ್ತ ಸಿಕ್ಕ ಒಂದು ಸಂಗತಿಯನ್ನು ಹಂಚಿಕೊಳ್ಳದೆ ಇರಲಾರೆ. ಕ್ಯಾಲಿಬರ್ ಎಂದರೆ ತೋಪಿನ ನಳಿಗೆಯ ಒಳವ್ಯಾಸ. ಫ್ರೆಂಚ್, ಇಟಾಲಿಯನ್ ದಾಟಿ ಹಿಂದೆ ಹೋದರೆ ಅದು ಅರಬ್ಬಿಯ ‘ಖಾಲಿಬ್’, ಅಂದರೆ ಎರಕದ ಅಚ್ಚು, ಎಂಬ ಪದಕ್ಕೆ ಮುಟ್ಟುತ್ತದೆ ಎಂದು ನಿಘಂಟುಗಳು ಹೇಳುತ್ತವೆ. ಖಾಲಿಬ್ ಉರ್ದುವಿನಲ್ಲೂ ಅಚ್ಚೇ. ತೋಪುಗಳು ನಮ್ಮ ಕೋಟೆಯ ಮೇಲೆ ಇಂದಿಗೂ ಇವೆ. ಸತು ಮತ್ತು ತಾಮ್ರದ ಎರಕವನ್ನು ಮಣ್ಣಿನ ಅಚ್ಚಿಗೆ ಹೊಯ್ಯುವ ಬಿದ್ರಿ ಕುಶಲಿಗರೂ ಇಲ್ಲೇ ಇದ್ದಾರೆ. ಪರದೇಶದ ಪದವೆಂದು ತಿಳಿದದ್ದರ ಎರಡು ತುದಿಗಳೂ ಬೀದರ್‌ನಲ್ಲೇ ಸಿಕ್ಕವು. ಇದರಿಂದ ನಮ್ಮ ಪ್ರಶ್ನೆ ಬಗೆಹರಿಯುವುದಿಲ್ಲ, ಆದರೂ ಖುಷಿಯಾಯಿತು.

ಉಳಿದ ಪದಗಳು. ‘ಎರರ್’ಗೆ ‘ದೋಷ’ ಎಂದು ಹಾಕಿದ್ದರು. ಹುಡುಗರು ಅದನ್ನು ತಮ್ಮ ಮೇಲಿನ ಆರೋಪವೆಂದು ಓದುತ್ತಾರೆ, ಹೆದರಿ ಅಂಕಿ ತಿದ್ದುತ್ತಾರೆ. ‘ವ್ಯತ್ಯಾಸ’ ಎಂದು ಬದಲಿಸಿದೆ. ಅಡ್ಜಸ್ಟ್‌ಮೆಂಟ್‌ಗೆ ‘ಸರಿಹೊಂದಿಕೆ’ ಎಂದಿದ್ದೇನೆ. ‘ತಿದ್ದುಪಡಿ’ ಎನ್ನಲಿಲ್ಲ, ಏಕೆಂದರೆ ಅದು ಇನ್ನೊಂದು ಕಡೆ ಬೇಕು. ಅಮೆರಿಕಕ್ಕೆ ಔಷಧಿ ಕಳಿಸುವವರು ಅಲ್ಲಿನ 1997ರ ವಿದ್ಯುನ್ಮಾನ ದಾಖಲೆಗಳ ನಿಯಮಕ್ಕೆ ಒಳಪಡುತ್ತಾರೆ: ದಾಖಲೆಯನ್ನು ಯಾರು ಯಾವಾಗ ಬದಲಿಸಿದರು ಎಂಬುದು ಅಳಿಸಲಾಗದಂತೆ ಉಳಿಯಬೇಕು, ಹಳೆಯ ಅಂಕಿಯೂ ಕಾಣುತ್ತಿರಬೇಕು. ಈ ಬದಲಾವಣೆಗಳ ದಾಖಲೆಗೆ ಇಂಗ್ಲಿಷಿನಲ್ಲಿ ಹೇಳುವ ‘ಆಡಿಟ್ ಟ್ರೇಲ್’ ಎಂಬುದನ್ನು ‘ಲೆಕ್ಕಪರಿಶೋಧನಾ ಜಾಡು’ ಎಂದು ಅನುವಾದಿಸಿದ್ದರು. ಇಲ್ಲಿ ಲೆಕ್ಕವೂ ಇಲ್ಲ, ಪರಿಶೋಧನೆಯೂ ಇಲ್ಲ. ‘ತಿದ್ದುಪಡಿ ಜಾಡು’ ಸಾಕಲ್ಲವೇ?

ನನ್ನನ್ನು ಸೋಲಿಸಿದ್ದು ‘ಟ್ರೇಸೆಬಿಲಿಟಿ’. ನಮ್ಮ ಗೇಜನ್ನು ಒರೆಮಾನಕ್ಕೆ, ಆ ಒರೆಮಾನವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ, ಅದನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ, ಅಲ್ಲಿಂದ ಅಂತರರಾಷ್ಟ್ರೀಯ ಮಾನಗಳಿಗೆ ಕಡಿಯದೆ ಜೋಡಿಸುವ ಸಂಬಂಧ ಅದು. ‘ಪತ್ತೆಹಚ್ಚುವಿಕೆ’ ಎಂದು ಬಂದಿತ್ತು; ಕಳುವಾದ ಬೈಕಿಗೆ ಹೊಂದುವ ಪದ. ‘ಮೂಲಬಟ್ಟಿನ ಕೊಂಡಿ’ ಎಂದು ಮೊದಲು ಬರೆದೆ. ಆಮೇಲೆ 2019ರ ಮೇ 20ರಿಂದ ಕಿಲೊಗ್ರಾಂಗೆ ಲೋಹದ ಬಟ್ಟು ಆಧಾರವಲ್ಲ, ಪ್ಲ್ಯಾಂಕ್ ಸ್ಥಿರಾಂಕ ಎಂಬ ಭೌತಶಾಸ್ತ್ರದ ಬದಲಾಗದ ಸಂಖ್ಯೆ ಆಧಾರ ಎಂಬುದು ನೆನಪಾಗಿ ‘ಬಟ್ಟು’ ತೆಗೆದು ‘ಮೂಲಕೊಂಡಿ’ ಎಂದು ಮಾಡಿದೆ. ಸಾಫ್ಟ್‌ವೇರ್‌ನಲ್ಲಿ ಇದರ ಉಪಯೋಗ ದೊಡ್ಡದು: ನಾಳೆ ಒಂದು ಒರೆಮಾನವೇ ಕೆಟ್ಟಿದೆ ಎಂದು ತಿಳಿದರೆ, ಅದರಿಂದ ತಾಳೆ ನೋಡಿದ ಎಲ್ಲ ಸಾಧನಗಳ ಪಟ್ಟಿ ಒಂದು ಒತ್ತಿಗೆ ಹೊರಬರಬೇಕು. ಉಳಿದ ಎರಡು ಸಾಫ್ಟ್‌ವೇರ್‌ಗಳಲ್ಲಿ ಒಂದು ಇದನ್ನು ಕೊಡುತ್ತದೆ, ಇನ್ನೊಂದರಲ್ಲಿ ಸಾಧನದಿಂದ ಒರೆಮಾನಕ್ಕೆ ಮಾತ್ರ ಹೋಗಬಹುದು. ನನ್ನ ಮತ ಮೊದಲನೆಯದಕ್ಕೆ. ಬೆಲೆ ತುಸು ಹೆಚ್ಚು, ಆದರೆ ಕನ್ನಡದ ಪದಗಳನ್ನು ನಾವೇ ಬದಲಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ.

ಹಿಮ್ಮುಖವಾಗಿ ಇಳಿಯುವ ಆ ಪಟ್ಟಿಗೆ ಇನ್ನೂ ಹೆಸರಿಲ್ಲ. ‘ಇಳಿಕೊಂಡಿ’ ಎಂದು ಹೊಳೆದಿದೆ, ಧೈರ್ಯ ಸಾಲುತ್ತಿಲ್ಲ. ಅದಕ್ಕೂ, ಪ್ರಮಾಣಪತ್ರದ ತಲೆಬರಹಕ್ಕೂ ನಿಮ್ಮ ಸಲಹೆ ಬೇಕು. ಕಲಬುರಗಿ, ಯಾದಗಿರಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ, ಬೇಳೆ ಮಿಲ್ಲುಗಳಲ್ಲಿ ದುಡಿಯುವವರು ಬಳಗದಲ್ಲಿದ್ದರೆ ನಿಮ್ಮಲ್ಲಿ ಏನು ಬಳಕೆಯಲ್ಲಿದೆ ಎಂದು ಬರೆಯಿರಿ. ಮುಂದಿನ ಸೋಮವಾರ ಚೀಟಿಗಳು ಅಚ್ಚಿಗೆ ಹೋಗುತ್ತವೆ.