ಡೆಬಿಯನ್, ಫ್ರೀಬಿಎಸ್‌ಡಿ ಎರಡಕ್ಕೂ ಹೊಂದುವ ಡಯಲ್-ಅಪ್ ಮೋಡೆಮ್ ಯಾವುದು?

ತೋಟದಾಫೀಸು:
ಎಲ್ಲರಿಗೂ ನಮಸ್ಕಾರ. ಬಿರುನಾಣಿ ಕಡೆಯ ತೋಟದ ಆಫೀಸು. ಮೊಬೈಲ್ ಸಿಗ್ನಲ್ ಇಲ್ಲ, ಫೈಬರ್ ಬಂದಿಲ್ಲ, ತಾಮ್ರದ ಲ್ಯಾಂಡ್‌ಲೈನ್ ಮಾತ್ರ ಇದೆ. ದಿನದ ಮಳೆ ಲೆಕ್ಕ, ಆಳುಗಳ ಹಾಜರಿ ಸೇರಿ 50 ಕೆಬಿಯ ಒಂದು ಫೈಲು ದಿನಾ ರಾತ್ರಿ ವಿರಾಜಪೇಟೆಗೆ ಹೋಗಬೇಕು. ಇಲ್ಲಿನ ಕಂಪ್ಯೂಟರಿನಲ್ಲಿ ಡೆಬಿಯನ್ (ಲಿನಕ್ಸ್), ಅಲ್ಲಿನದರಲ್ಲಿ ಫ್ರೀಬಿಎಸ್‌ಡಿ; ಎರಡೂ ವಿಂಡೋಸ್ ಬದಲಿಗೆ ಹಾಕುವ ಆಪರೇಟಿಂಗ್ ಸಿಸ್ಟಮ್. ಫೋನ್ ಲೈನಿನಲ್ಲಿ ಫೈಲು ಕಳಿಸುವ ಮೋಡೆಮ್ ಸೆಕೆಂಡ್ ಹ್ಯಾಂಡಿನಲ್ಲಿ ಮೂರು ಬಗೆ ಸಿಗುತ್ತಿವೆ: ಕಂಪ್ಯೂಟರಿನೊಳಗೆ ಕೂರುವ ಪಿಸಿಐ ಕಾರ್ಡ್ (ತುಂಬಾ ಅಗ್ಗ), ಸೀರಿಯಲ್ ಪೋರ್ಟಿನ ಹೊರಗಿನ ಪೆಟ್ಟಿಗೆ, ಯುಎಸ್‌ಬಿಯದ್ದು. ಯಾವುದು ತಗೊಳ್ಳಲಿ? 56ಕೆ (ಸೆಕೆಂಡಿಗೆ 56 ಕಿಲೋಬಿಟ್) ವೇಗ ಸಿಗುತ್ತದೆಯೇ?

ಸೀರಿಯಲ್‌ಪೋರ್ಟ್:
ಪಿಸಿಐ ಕಾರ್ಡ್ ಎಷ್ಟೇ ಅಗ್ಗವಿದ್ದರೂ ಬೇಡ. ಅವುಗಳಲ್ಲಿ ಹೆಚ್ಚಿನವು ವಿನ್‌ಮೋಡೆಮ್. ಸಿಗ್ನಲ್ ಬಿಡಿಸುವ ಕೆಲಸ ಕಾರ್ಡಿನಲ್ಲಿ ಆಗುವುದಿಲ್ಲ, ಕಂಪ್ಯೂಟರಿನ ಪ್ರೊಸೆಸರೇ ಡ್ರೈವರ್ ಮೂಲಕ ಮಾಡಬೇಕು. ಲ್ಯೂಸೆಂಟ್, ಸ್ಮಾರ್ಟ್‌ಲಿಂಕ್, ಕೋನೆಕ್ಸಂಟ್ ಚಿಪ್‌ಗಳಿಗೆ ಲಿನಕ್ಸ್ ಡ್ರೈವರ್ ಒಂದು ಕಾಲದಲ್ಲಿ ಇದ್ದವು. ಆದರೆ ಅವು ಹಳೆಯ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಬರೆದವು, ಕೋನೆಕ್ಸಂಟಿನದಂತೂ ದುಡ್ಡು ಕೊಡದಿದ್ದರೆ 14.4ಕೆಗೆ ನಿಂತುಬಿಡುತ್ತಿತ್ತು. ಇವತ್ತಿನ ಡೆಬಿಯನ್‌ನಲ್ಲಿ ಅದರ ಜೊತೆ ಗುದ್ದಾಡಿ ಪ್ರಯೋಜನವಿಲ್ಲ.

ಗುರುತು ಹಿಡಿಯುವುದು ಸುಲಭ. ಪೆಟ್ಟಿಗೆಯ ಮೇಲೆ ‘ವಿಂಡೋಸ್ ಬೇಕು, ಇಷ್ಟು ಮೆಗಾಹರ್ಟ್ಸ್ ಪೆಂಟಿಯಂ ಬೇಕು’ ಎಂದಿದ್ದರೆ ಅದು ವಿನ್‌ಮೋಡೆಮ್. ಡಾಸ್‌ನಲ್ಲೂ ನಡೆಯುತ್ತದೆ ಎಂದಿದ್ದರೆ ಒಳಗೆ ಸ್ವಂತ ಕಂಟ್ರೋಲರ್ ಇದೆ, ಯಾವ ಯುನಿಕ್ಸ್‌ಗೂ (ಡೆಬಿಯನ್, ಫ್ರೀಬಿಎಸ್‌ಡಿ ಆ ಬಗೆಯವೇ) ಬೇರೆ ಡ್ರೈವರ್ ಬೇಕಿಲ್ಲ. ಸೀರಿಯಲ್ ಪೆಟ್ಟಿಗೆಗಳ ವಿಷಯದಲ್ಲಿ ಈ ಗೊಂದಲ ಇಲ್ಲವೇ ಇಲ್ಲ ಎನ್ನಬಹುದು. ಯುಎಸ್ ರೋಬೋಟಿಕ್ಸ್ ಕಂಪನಿಯ ಕೂರಿಯರ್ ಎಂಬ ಸೀರಿಯಲ್ ಮೋಡೆಮ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ.

ಯುಎಸ್‌ಬಿ ಬೇಕೆಂದರೆ ಅದೇ ಕಂಪನಿಯ 5637. ಚುಚ್ಚಿದ ಕೂಡಲೇ ಡೆಬಿಯನ್‌ನಲ್ಲಿ ಟಿಟಿವೈಎಸಿಎಂ0 ಎಂಬ ಸಾಧನ ಕಾಣಿಸಿಕೊಳ್ಳಬೇಕು. ಕಾಣಿಸದ ಯುಎಸ್‌ಬಿ ಮೋಡೆಮ್ ಆದರೆ ವಾಪಸ್ ಕೊಡಿ.

56ಕೆ ಸಿಗುವುದಿಲ್ಲ. ಒಂದು ತುದಿ ಎಕ್ಸ್‌ಚೇಂಜಿಗೆ ಡಿಜಿಟಲ್ ಆಗಿ ಸೇರಿದ್ದರೆ ಮಾತ್ರ 56ಕೆ ಕೊಡುವ ವಿ.90 ವಿಧಾನ ಕೆಲಸ ಮಾಡುತ್ತದೆ. ಎರಡು ಸಾದಾ ಲೈನ್‌ಗಳ ನಡುವೆ ಗರಿಷ್ಠ 33.6ಕೆ. ನಿಮ್ಮ 50 ಕೆಬಿಗೆ 20 ಸೆಕೆಂಡ್ ಸಾಕು. ಮೋಡೆಮ್‌ಗಳು ಕೂಗಾಡಿ ಕೈಕುಲುಕುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು.

ತೋಟದಾಫೀಸು:
ಧನ್ಯವಾದ ಸರ್. ಹಾಗಾದರೆ ಸೀರಿಯಲ್ಲೇ ಎರಡು ತಗೊಳ್ಳುತ್ತೇನೆ. ಆದರೆ ಎರಡೂ ಕಂಪ್ಯೂಟರಿಗೆ ಸೀರಿಯಲ್ ಪೋರ್ಟ್ ಇಲ್ಲ. ಮತ್ತೆ, ಒಂದು ಪೆಟ್ಟಿಗೆ ಅಡಾಪ್ಟರ್ ಇಲ್ಲದೆ ಬರುತ್ತದಂತೆ.

ಪಿಪಿಪಿ_ಸೋಮವಾರಪೇಟೆ:
ಅಡಾಪ್ಟರ್ ವಿಷಯ ಮೊದಲು. ಹಳೆಯ ಮೋಡೆಮ್‌ಗಳಲ್ಲಿ ಹಲವಕ್ಕೆ ಬೇಕಾದದ್ದು ಎಸಿ ಔಟ್‌ಪುಟ್. ಅಂಗಡಿಯಲ್ಲಿ ಸಿಗುವುದು ಡಿಸಿ. ಪಿನ್ ಕೂತಿತು ಎಂದು ಹಾಕಬೇಡಿ, ಮೋಡೆಮ್ ಹಿಂದೆ ಬರೆದದ್ದನ್ನು ಓದಿ. ಅಮೆರಿಕದಿಂದ ಬಂದ ಅಡಾಪ್ಟರ್ 120 ವೋಲ್ಟಿನದು, ನಮ್ಮ 230ಕ್ಕೆ ಹಾಕಿದರೆ ಸುಟ್ಟೇ ಹೋಗುತ್ತದೆ.

ಯುಎಸ್‌ಬಿ-ಸೀರಿಯಲ್ ಕೇಬಲ್ ಎಫ್‌ಟಿಡಿಐ ಚಿಪ್‌ನದು ಇರಲಿ. ಡೆಬಿಯನ್‌ನಲ್ಲಿ ಟಿಟಿವೈಯುಎಸ್‌ಬಿ0 ಆಗುತ್ತದೆ. ಫ್ರೀಬಿಎಸ್‌ಡಿಯಲ್ಲಿ ಹೊರಗೆ ಡಯಲ್ ಮಾಡಲು ಸಿಯುಎಯು0, ಒಳಬರುವ ಕರೆಗೆ ಟಿಟಿವೈಯು0. ಮೋಡೆಮ್ ಕಡೆಗೆ 25 ಪಿನ್, ನೇರ ಕೇಬಲ್ ಬೇಕು. ನಲ್ ಮೋಡೆಮ್ ಕೇಬಲ್ (ಒಳಗೆ ತಂತಿ ಅದಲುಬದಲಾದದ್ದು) ಆಗದು. ಮೂರೇ ತಂತಿಯ ಕೇಬಲ್ ಕೂಡ ಆಗದು: ‘ತಡೆ, ಕಳಿಸು’ ಎಂದು ಹೇಳುವ ಆರ್‌ಟಿಎಸ್-ಸಿಟಿಎಸ್ ತಂತಿ ಇಲ್ಲದಿದ್ದರೆ ವೇಗ ಏರಿದಾಗ ಅಕ್ಷರ ಕಳೆದುಹೋಗುತ್ತವೆ, ಕಂಪ್ಯೂಟರ್ ಸಿದ್ಧವಿದೆಯೇ ಎಂದು ತಿಳಿಸುವ ಡಿಟಿಆರ್ ತಂತಿ ಇಲ್ಲದಿದ್ದರೆ ಪ್ರೋಗ್ರಾಮ್ ಮುಗಿದರೂ ಫೋನ್ ಇಡುವುದಿಲ್ಲ. ಬೆಳಗಿನವರೆಗೂ ಲೈನ್ ಹಿಡಿದುಕೊಂಡೇ ಕೂತಿರುತ್ತದೆ.

ಮೋಡೆಮ್ ಜೊತೆ ಮಾತಾಡುವ ಮಿನಿಕಾಮ್ ಪ್ರೋಗ್ರಾಮ್ ತೆರೆದು ಪೋರ್ಟ್ ವೇಗ 115200, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಆರ್‌ಟಿಎಸ್-ಸಿಟಿಎಸ್) ಆನ್ ಮಾಡಿ ಎಟಿ ಎಂದು ಒತ್ತಿ; ಮೋಡೆಮ್‌ಗೆ ಕೊಡುವ ಆದೇಶಗಳು ಹೀಗೇ ಶುರುವಾಗುತ್ತವೆ. ಓಕೆ ಬರಬೇಕು. ಬರದಿದ್ದರೆ ನಿಮ್ಮ ಯೂಸರ್ ಡಯಲ್‌ಔಟ್ ಗುಂಪಿನಲ್ಲಿದೆಯೇ ನೋಡಿ. ಫ್ರೀಬಿಎಸ್‌ಡಿಯಲ್ಲಿ ಆ ಗುಂಪಿನ ಹೆಸರು ಡಯಲರ್. ಡೆಬಿಯನ್‌ನಲ್ಲಿ ಮೋಡೆಮ್‌ಮ್ಯಾನೇಜರ್ ಎಂಬ ಪ್ರೋಗ್ರಾಮ್ ಇದ್ದರೆ ತೆಗೆದುಬಿಡಿ, ಪೋರ್ಟಿಗೆ ಆಗಾಗ ಕೈಹಾಕುತ್ತದೆ.

ಕೂರಿಯರ್‌ಗೆ ಎಟಿ&ಎಫ್1ಎಕ್ಸ್3, ನಂತರ ಎಟಿ&ಡಬ್ಲ್ಯು ಕೊಟ್ಟು ಉಳಿಸಿ. ಎಕ್ಸ್3 ಏಕೆಂದರೆ ನಮ್ಮ ಡಯಲ್ ಟೋನ್ ಅಮೆರಿಕದ 350, 440 ಹರ್ಟ್ಸ್‌ನ ಟೋನ್ ಅಲ್ಲ. ಅದನ್ನು ಗುರುತಿಸದ ಮೋಡೆಮ್ ‘ನೋ ಡಯಲ್‌ಟೋನ್’ ಎಂದು ಹಟ ಹಿಡಿಯುತ್ತದೆ. ವಿರಾಜಪೇಟೆಯಲ್ಲಿ ಒಳಬರುವ ಕರೆ ನೋಡಿಕೊಳ್ಳುವ ಎಮ್‌ಗೆಟ್ಟಿ ಪ್ರೋಗ್ರಾಮ್ ಹಾಕಿ, ಮೋಡೆಮ್ ತಾನೇ ಎತ್ತದಂತೆ ಎಸ್0=0 ಇರಲಿ. ರಿಂಗ್ ಬಂದಾಗ ಎಮ್‌ಗೆಟ್ಟಿಯೇ ಎಟಿಎ (‘ಕರೆ ಎತ್ತು’ ಎಂಬ ಆದೇಶ) ಕಳಿಸಿ ಎತ್ತಿಕೊಳ್ಳುತ್ತದೆ. ಮೋಡೆಮ್ ತಾನೇ ಎತ್ತಿದರೆ, ಅಲ್ಲಿ ಕಂಪ್ಯೂಟರ್ ಸತ್ತಿದ್ದರೂ ನಿಮಗೆ ಕರೆ ಸೇರಿದಂತೆ ಕಾಣುತ್ತದೆ. ಕರೆ ಸೇರಿದ ಮೇಲೆ ಅದರ ಮೇಲೆ ಪಿಪಿಪಿ (ಫೋನ್ ಕರೆಯನ್ನೇ ನೆಟ್‌ವರ್ಕ್ ಮಾಡುವ ವಿಧಾನ), ಪಿಪಿಪಿ ಮೇಲೆ ಫೈಲು ಕಳಿಸುವ ಆರ್‌ಸಿಂಕ್.

ತಾಮ್ರತಂತಿ:
ಮೋಡೆಮ್ ಬಗ್ಗೆ ಇವರು ಹೇಳಿದ್ದಕ್ಕೆ ಸೇರಿಸಲು ಏನಿಲ್ಲ, ಲೈನ್ ಬಗ್ಗೆ ಇದೆ. ಬಿರುನಾಣಿಯ ಮಳೆಯಲ್ಲಿ ಜಾಯಿಂಟ್‌ಗಳಿಗೆ ನೀರಿಳಿದರೆ ಎಂಥ ಮೋಡೆಮ್ ಆದರೂ ಒದ್ದಾಡುತ್ತದೆ. ಫೋನಿನಲ್ಲಿ ಒಂದು ಅಂಕೆ ಒತ್ತಿ, ಟೋನ್ ನಿಂತ ಮೇಲೆ ಕಿವಿಗೊಡಿ. ಚರಚರ ಕೇಳಿದರೆ ಮೊದಲು ಜಾಯಿಂಟ್ ಸರಿಮಾಡಿಸಿ. ಆಟಿ ತಿಂಗಳಿಗೆ (ಜುಲೈ-ಆಗಸ್ಟ್ ಜಡಿಮಳೆಗೆ) ಕೂರಿಯರ್‌ನಲ್ಲಿ &ಎನ್10 ಕೊಟ್ಟು 19,200ಕ್ಕೆ ಕಟ್ಟಿಹಾಕಿ. ನಿಧಾನವಾದರೂ ಕಡಿಯುವುದಿಲ್ಲ, 50 ಕೆಬಿಗೆ ಅದು ಧಾರಾಳ. ಎಸ್10=50 ಮಾಡಿದರೆ ಐದು ಸೆಕೆಂಡಿನೊಳಗೆ ಕ್ಯಾರಿಯರ್ (ಆ ಕಡೆಯ ಮೋಡೆಮ್‌ನ ಸಿಗ್ನಲ್) ಮರಳಿದರೆ ಕರೆ ಉಳಿಯುತ್ತದೆ.

ಹೆಚ್ಚಿನ ಮೋಡೆಮ್‌ಗಳು ಸಾಯುವುದು ಏಪ್ರಿಲ್-ಮೇ ಗುಡುಗಿನಲ್ಲಿ. ಫೋನ್ ಲೈನ್ ಮನೆಯೊಳಗೆ ಬರುವ ಜಾಗದಲ್ಲೇ 230 ವೋಲ್ಟಿನ ಗ್ಯಾಸ್ ಡಿಸ್‌ಚಾರ್ಜ್ ಟ್ಯೂಬ್ (ಸಿಡಿಲಿನ ವೋಲ್ಟೇಜನ್ನು ನೆಲಕ್ಕೆ ಹರಿಸುವ ಬಿಡಿಭಾಗ) ಹಾಕಿ. ಬರೀ ರಿಂಗ್ ವೋಲ್ಟೇಜಿಗೆ ಅದು ಚಾಲೂ ಆಗುವುದಿಲ್ಲ. ಅದರ ಅರ್ತಿಂಗ್ ತಂತಿ ಗಿಡ್ಡವಿರಲಿ, ಕರೆಂಟಿನ ಅರ್ತಿಂಗ್‌ಗೇ ಸೇರಲಿ. ಬೇರೆ ಸರಳು ಹುಗಿದರೆ ಸಿಡಿಲಿನ ಹೊತ್ತಿಗೆ ಎರಡು ಅರ್ತಿಂಗ್ ನಡುವಿನ ವೋಲ್ಟೇಜ್ ಹರಿಯುವುದು ನಿಮ್ಮ ಮೋಡೆಮ್ ಮೂಲಕವೇ. ಗುಡುಗು ಶುರುವಾಗುವ ಮೊದಲೇ ಫೋನ್ ವೈರು, ಪ್ಲಗ್ಗು ಎರಡನ್ನೂ ಕೀಳಿ. ಒಂದನ್ನೇ ಕಿತ್ತರೆ ಸಾಲದು.

ವಿರಾಜಪೇಟೆಯ ಲೈನ್ ನಿಜಕ್ಕೂ ತಾಮ್ರವೇ, ಫೈಬರ್ ಪೆಟ್ಟಿಗೆಯಿಂದ ಬರುವ ಫೋನೇ, ಖಾತ್ರಿ ಮಾಡಿಕೊಳ್ಳಿ. ಫೈಬರ್ ಪೆಟ್ಟಿಗೆಯದಾದರೆ ಧ್ವನಿ ಜಿ.711 ಕೋಡಿಂಗಿನಲ್ಲಿ ಹೋಗಬೇಕು. ಧ್ವನಿಯನ್ನು ತುಂಬಾ ಹಿಂಡುವ ಜಿ.729 ಆದರೆ ಮಾತು ಚೆನ್ನಾಗಿಯೇ ಕೇಳುತ್ತದೆ, ಮೋಡೆಮ್ ಮಾತ್ರ ಸೇರುವುದಿಲ್ಲ.

ತೋಟದಾಫೀಸು:
ವಿಚಾರಿಸಿದೆ, ವಿರಾಜಪೇಟೆಯದು ತಾಮ್ರವೇ. ಎರಡು ಕೂರಿಯರ್, ಎರಡು ಎಫ್‌ಟಿಡಿಐ ಕೇಬಲ್ ಹೇಳಿದ್ದೇನೆ. ಟ್ಯೂಬ್ ಹಾಕಿಸದೆ ಲೈನ್ ಚುಚ್ಚುವುದಿಲ್ಲ.