‘ಕಾರಣ ಒಂದೇ: ಜನಸಂಖ್ಯೆ’ – ಮನೆ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ (ಫಾರ್ವರ್ಡ್ ಮಾಡಿದ ಕಾರ್ಡ್): 1970ರಿಂದ ಈಚೆಗೆ ಭೂಮಿಯ ಮೇಲಿನ 73% ಕಾಡುಪ್ರಾಣಿಗಳು ಸತ್ತುಹೋಗಿವೆ. ಕಾರಣ ಒಂದೇ: ಜನಸಂಖ್ಯೆ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಎಲ್ಲರೂ ಓದಿ. ನಾನು ಮೊದಲಿಂದಲೂ ಹೇಳುತ್ತಿರುವುದು ಇದನ್ನೇ.

ಅತ್ತೆ: ಓದಿ ತುಂಬಾ ಬೇಜಾರಾಯ್ತು. ನೂರಕ್ಕೆ 73 ಹೋದರೆ ಇನ್ನೇನು ಉಳಿಯಿತು?

ನಾನು: ದೊಡ್ಡಪ್ಪ, ಬೇಸರ ಮಾಡಿಕೊಳ್ಳಬೇಡಿ, ಈ ಕಾರ್ಡ್‌ನಲ್ಲಿ ಎರಡು ತಪ್ಪಿದೆ. 73 ಅನ್ನುವುದು ಸುಳ್ಳು ಸಂಖ್ಯೆಯಲ್ಲ, ಡಬ್ಲ್ಯೂಡಬ್ಲ್ಯೂಎಫ್ ಅನ್ನುವ ವನ್ಯಜೀವಿ ಸಂರಕ್ಷಣಾ ಸಂಸ್ಥೆ 2024ರಲ್ಲಿ ತಂದ ವರದಿಯಲ್ಲಿ ಇದೆ. ಆದರೆ ಅದು ಸತ್ತ ಪ್ರಾಣಿಗಳ ಲೆಕ್ಕವಲ್ಲ. ವಿಜ್ಞಾನಿಗಳು ಕಣ್ಣಿಟ್ಟು ಎಣಿಸುತ್ತಿರುವ ಸುಮಾರು 35,000 ಪ್ರಾಣಿ ಗುಂಪುಗಳಿವೆ, ಅವು ಒಂದೊಂದೂ 1970ರಿಂದ 2020ರವರೆಗೆ ಎಷ್ಟು ಇಳಿದವು, ಎಷ್ಟು ಏರಿದವು ಅಂತ ನೋಡಿ ತೆಗೆದ ಸರಾಸರಿ ಅದು. ಒಂದು ಕಡೆ 50 ಹಕ್ಕಿ ಇದ್ದದ್ದು 5ಕ್ಕೆ ಬಂತು, ಇನ್ನೊಂದು ಕಡೆ 1,000 ಜಿಂಕೆ ಹಾಗೇ ಇವೆ ಅಂದುಕೊಳ್ಳಿ. ಒಟ್ಟು 1,050ರಲ್ಲಿ ಕಡಿಮೆಯಾದದ್ದು ಬರೀ 45. ಆದರೆ ಚಿಕ್ಕ ಗುಂಪಿಗೂ ದೊಡ್ಡ ಗುಂಪಿಗೂ ಒಂದೇ ತೂಕ ಕೊಟ್ಟು 90% ಮತ್ತು 0%ರ ಸರಾಸರಿ ತೆಗೆದರೆ ಇಳಿಕೆ 45% ಅಂತ ಬರುತ್ತದೆ.

ದೊಡ್ಡಪ್ಪ: ಅಂದರೆ ಏನೂ ಆಗಿಲ್ಲ ಅಂತೀಯಾ?

ನಾನು: ಖಂಡಿತ ಹಾಗಲ್ಲ. ಅದೇ ವರದಿಯಲ್ಲಿ ಸಿಹಿನೀರಿನ ಜೀವಿಗಳ ಸರಾಸರಿ ಇಳಿಕೆ 85%. ವಿಶ್ವಸಂಸ್ಥೆಯ ಬೆಂಬಲದ ಐಪಿಬಿಇಎಸ್ ವಿಜ್ಞಾನಿಗಳು 2019ರಲ್ಲಿ ಹೇಳಿದ್ದು, ಗಿಡ ಮತ್ತು ಪ್ರಾಣಿ ಸೇರಿ ಸುಮಾರು 10 ಲಕ್ಷ ಜಾತಿಗಳು ಅಳಿವಿನ ಅಂಚಿಗೆ ಬರುತ್ತಿವೆ ಅಂತ. ಪರಿಸ್ಥಿತಿ ನಿಜಕ್ಕೂ ಕೆಟ್ಟಿದೆ. ಅದಕ್ಕೇ ಲೆಕ್ಕ ಸರಿಯಾಗಿರಬೇಕು ಅನ್ನುವುದು. ಇಲ್ಲದಿದ್ದರೆ ನಾಳೆ ಯಾರೋ ಈ ಒಂದು ತಪ್ಪು ಹಿಡಿದು, ಪರಿಸರದ ಮಾತೆಲ್ಲ ಸುಳ್ಳು ಅಂದುಬಿಡುತ್ತಾರೆ. ಇನ್ನು ಎರಡನೇ ತಪ್ಪು, ‘ಕಾರಣ ಒಂದೇ’ ಅನ್ನುವುದು. ನನಗೆ ಜಾಸ್ತಿ ಸಿಟ್ಟು ಬಂದದ್ದು ಅದನ್ನು ನೋಡಿ.

ದೊಡ್ಡಪ್ಪ: ನೋಡಮ್ಮ, 1970ರಲ್ಲಿ ಜಗತ್ತಿನ ಜನ ಸುಮಾರು 370 ಕೋಟಿ. 2022ರ ನವೆಂಬರ್‌ಗೆ 800 ಕೋಟಿ ಆಯಿತು. ಇಷ್ಟು ಜನಕ್ಕೆ ಊಟ, ಮನೆ, ರಸ್ತೆ ಬೇಡವಾ? ಕಾಡು ಕಡಿಯದೆ ಜಾಗ ಎಲ್ಲಿಂದ ಬರುತ್ತದೆ? ಇದು ಚಿಕ್ಕ ಮಕ್ಕಳಿಗೂ ಅರ್ಥವಾಗುವ ಲೆಕ್ಕ.

ನಾನು: ಹಾಗಾದರೆ ಸ್ಟೆಲ್ಲರ್ ಕಡಲಹಸುವಿನ ಕಥೆ ಕೇಳಿ. 1741ರಲ್ಲಿ ಬೇರಿಂಗ್ ಎಂಬ ನಾವಿಕನ ಹಡಗು ಉತ್ತರ ಪೆಸಿಫಿಕ್‌ನ ಒಂದು ಖಾಲಿ ದ್ವೀಪದಲ್ಲಿ ಒಡೆದು ನಿಂತಿತು. ಅದರಲ್ಲಿದ್ದ ಸ್ಟೆಲ್ಲರ್ ಎಂಬ ನಿಸರ್ಗ ವಿಜ್ಞಾನಿ ಈ ಪ್ರಾಣಿಯನ್ನು ನೋಡಿ ಬರೆದಿಟ್ಟರು. ಎಂಟು ಮೀಟರ್ ಉದ್ದದ ಸಾಧು ಪ್ರಾಣಿ, ದಡದ ಹತ್ತಿರವೇ ಸಮುದ್ರದ ಪಾಚಿ ಮೇಯುತ್ತಿತ್ತು. ಆಮೇಲೆ ತುಪ್ಪಳದ ವ್ಯಾಪಾರಕ್ಕೆ ಬಂದ ಬೇಟೆಗಾರರು ದಾರಿಯ ಊಟಕ್ಕೆ ಅಂತ ಅದನ್ನು ಕೊಲ್ಲುತ್ತಾ ಹೋದರು. 1768ರ ಹೊತ್ತಿಗೆ ಒಂದೂ ಉಳಿಯಲಿಲ್ಲ. ಬರೀ 27 ವರ್ಷ. ಆಗ ಇಡೀ ಜಗತ್ತಿನ ಜನಸಂಖ್ಯೆ 100 ಕೋಟಿಯೂ ಇರಲಿಲ್ಲ, ಆ ದ್ವೀಪದಲ್ಲಂತೂ ಊರೇ ಇರಲಿಲ್ಲ. ಕೆಲವೇ ಹಡಗುಗಳ ಜನ ಒಂದು ಜಾತಿಯನ್ನೇ ಮುಗಿಸಿದರು.

ಅತ್ತೆ: ಪಾಪ. ಆದರೆ ಅದು ಹಳೇ ಕಾಲದ ಬೇಟೆ ಅಲ್ವಾ? ಈಗಿನದ್ದು ಬೇರೆ.

ನಾನು: ಈಗಿನದ್ದೇ ಹೇಳುತ್ತೇನೆ ಅತ್ತೆ. ರಣಹದ್ದು. 1990ರ ದಶಕದಲ್ಲಿ ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದುಗಳು ಮರದ ಮೇಲೆ ಕುತ್ತಿಗೆ ಜೋತುಹಾಕಿ ಕೂತು, ಹಾಗೇ ಕೆಳಗೆ ಬಿದ್ದು ಸಾಯಲು ಶುರುವಾದವು. ಮೊದಲು ಯಾವುದೋ ರೋಗ ಅಂದುಕೊಂಡರು. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಾಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಮೆತ್ತಿಕೊಂಡಿತ್ತು. ಮೂತ್ರಪಿಂಡ ಕೆಲಸ ನಿಲ್ಲಿಸಿತ್ತು. 2004ರಲ್ಲಿ ಕಾರಣ ಗೊತ್ತಾಯಿತು: ದನಗಳಿಗೆ ನೋವು ಕಡಿಮೆಯಾಗಲಿ ಅಂತ ಕೊಡುತ್ತಿದ್ದ ಡೈಕ್ಲೋಫೆನಾಕ್. ಆ ಔಷಧಿ ಕೊಟ್ಟ ದನ ಸತ್ತರೆ, ಅದರ ಮಾಂಸ ತಿಂದ ಹದ್ದು ಕೆಲವೇ ದಿನದಲ್ಲಿ ಸಾಯುತ್ತದೆ. ನೂರು ಶವದಲ್ಲಿ ಒಂದಕ್ಕಿಂತ ಕಡಿಮೆ ಶವದಲ್ಲಿ ಔಷಧಿ ಇದ್ದರೂ ಸಾಕು, ಹದ್ದುಗಳ ಸಂಖ್ಯೆ ಕುಸಿಯುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಯಾಕೆಂದರೆ ಒಂದು ಶವಕ್ಕೆ ಹತ್ತಾರು ಹದ್ದು ಒಟ್ಟಿಗೆ ಇಳಿಯುತ್ತವೆ, ಮತ್ತು ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. 2007ರ ಹೊತ್ತಿಗೆ 99%ಕ್ಕಿಂತ ಜಾಸ್ತಿ ಹದ್ದು ಹೋಗಿತ್ತು. ಹದಿನೈದು ವರ್ಷದಲ್ಲಿ ಜನಸಂಖ್ಯೆ ಅಷ್ಟೊಂದು ಏರಿತ್ತಾ ದೊಡ್ಡಪ್ಪ? ಇಲ್ಲ. ಬದಲಾದದ್ದು ಒಂದು ಔಷಧಿ.

ದೊಡ್ಡಪ್ಪ: ಇದು ನನಗೆ ಗೊತ್ತಿರಲಿಲ್ಲ.

ತಮ್ಮ: ಅಕ್ಕ, ಹೇಗೆ ನೋಡಿದರೂ ಮನುಷ್ಯನೇ ಕಾರಣ ತಾನೇ? ಮನುಷ್ಯ ಇಲ್ಲದಿದ್ದರೆ ಭೂಮಿ ಚೆನ್ನಾಗಿರುತ್ತದೆ. ಮುಗೀತು.

ನಾನು: ಹಾಗೆ ಮಾತಾಡಬೇಡ ಕಣೋ. ಅದರಿಂದ ಯಾರಿಗೂ ಏನೂ ಮಾಡಲು ಆಗಲ್ಲ, ಸುಮ್ನೆ ಕೈಚೆಲ್ಲಿ ಕೂರುವ ಮಾತು ಅದು. ತಿಮಿಂಗಿಲ ನೋಡು. 20ನೇ ಶತಮಾನದಲ್ಲಿ ಸುಮಾರು 29 ಲಕ್ಷ ತಿಮಿಂಗಿಲ ಕೊಂದಿದ್ದಾರೆ. ಬ್ರೆಜಿಲ್ ಕರಾವಳಿಗೆ ಬರುವ ಹಂಪ್‌ಬ್ಯಾಕ್ ಗುಂಪಿನಲ್ಲಿ 1950ರ ದಶಕದಲ್ಲಿ ಉಳಿದದ್ದು ಸುಮಾರು 450. ಆಮೇಲೆ ಹಂತಹಂತವಾಗಿ ಬೇಟೆ ನಿಲ್ಲಿಸಿದರು, 1982ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ವ್ಯಾಪಾರದ ಬೇಟೆಗೇ ತಡೆ ಹಾಕಿತು, 1986ರಿಂದ ಜಾರಿಗೆ ಬಂತು. ಈಗ ಆ ಗುಂಪಿನಲ್ಲಿ ಸುಮಾರು 25,000 ಇವೆ. ಇದೇ ಅವಧಿಯಲ್ಲಿ ಮನುಷ್ಯರು ಮೂರು ಪಟ್ಟು ಆಗಿದ್ದಾರೆ! ಎರಡೂ ಒಟ್ಟಿಗೆ ಏರಿವೆ. ನಿಂತದ್ದು ಈಟಿ ಅಷ್ಟೇ.

ದೊಡ್ಡಪ್ಪ: ಸಮುದ್ರದ ಮಾತು ಬೇರೆ. ಅಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ನೆಲದ ಪ್ರಶ್ನೆಗೆ ನೀನು ಉತ್ತರ ಕೊಟ್ಟಿಲ್ಲ.

ನಾನು: ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ನೆಲ ಹೋಗುತ್ತಿರುವುದೇ ದೊಡ್ಡ ಕಾರಣ, ಐಪಿಬಿಇಎಸ್ ಪಟ್ಟಿಯಲ್ಲೂ ಮೊದಲು ಬರುವುದು ಅದೇ. ಆದರೆ ಆ ನೆಲ ಯಾವುದಕ್ಕೆ ಹೋಗುತ್ತಿದೆ ಅಂತ ಕೇಳಬೇಕು. ಮನೆ, ರಸ್ತೆ, ಊರು ಎಲ್ಲ ಸೇರಿದರೂ ಬಹಳ ಕಡಿಮೆ. ವಾಸಕ್ಕೆ ಆಗುವ ನೆಲದಲ್ಲಿ ಅರ್ಧದ ಹತ್ತಿರ ಕೃಷಿಗೆ ಹೋಗಿದೆ, ಆ ಕೃಷಿ ನೆಲದಲ್ಲಿ ಮುಕ್ಕಾಲು ಪಾಲು ಮಾಂಸ ಮತ್ತು ಹಾಲಿಗೆ ಸಾಕುವ ಪ್ರಾಣಿಗಳ ಮೇವಿಗೆ. ಭೂಮಿಯ ಸಸ್ತನಿಗಳನ್ನೆಲ್ಲ ಒಟ್ಟಿಗೆ ತೂಗಿದರೆ ಸಾಕುಪ್ರಾಣಿ 60%, ಮನುಷ್ಯ 36%, ಕಾಡುಪ್ರಾಣಿ ಬರೀ 4%. 2018ರಲ್ಲಿ ಬಂದ ಲೆಕ್ಕ. ಆನೆ, ತಿಮಿಂಗಿಲ, ಇಲಿ, ಬಾವಲಿ ಎಲ್ಲ ಆ 4%ರಲ್ಲೇ ಬಂತು. ಇದನ್ನು ಓದಿದಾಗ ನನಗೆ 73ಕ್ಕಿಂತ ಜಾಸ್ತಿ ಸಂಕಟವಾಯಿತು.

ಅತ್ತೆ: ಸಾಕುಪ್ರಾಣಿ ಬೇಕಾದದ್ದೂ ಜನಕ್ಕೇ ಅಲ್ವಾ? ಮತ್ತೆ ಅಲ್ಲಿಗೇ ಬಂತು.

ನಾನು: ಜನಕ್ಕೇ ಅತ್ತೆ, ಆದರೆ ಎಲ್ಲರಿಗೂ ಸಮವಾಗಿ ಅಲ್ಲ. ಜಗತ್ತಿನಲ್ಲಿ ಒಬ್ಬ ಹೆಂಗಸಿಗೆ ಅತಿ ಹೆಚ್ಚು ಮಕ್ಕಳು ಹುಟ್ಟುವ ದೇಶಗಳಲ್ಲಿ ಆಫ್ರಿಕಾದ ನೈಜರ್ ಒಂದು. ಅಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ ಬರುವ, ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್ ಸುಮಾರು 0.1 ಟನ್. ಅಮೆರಿಕದಲ್ಲಿ ಸುಮಾರು 14 ಟನ್. ತಲೆ ಎಣಿಸಿದರೆ ಇಬ್ಬರೂ ಒಂದೊಂದೇ. ‘ಜನಸಂಖ್ಯೆ’ ಅಂದ ಕೂಡಲೇ ಬೆರಳು ಹೋಗುವುದು ಬಡವರ ಮನೆ ಕಡೆ, ಹಾಳು ಜಾಸ್ತಿ ಆಗುತ್ತಿರುವುದು ಇನ್ನೊಂದು ಮನೆಯಿಂದ. ಇದು ಅನ್ಯಾಯ, ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ದೊಡ್ಡಪ್ಪ: ಆದರೂ ಜನ ಕಡಿಮೆ ಇದ್ದರೆ ಎಲ್ಲಾ ಸುಲಭ. ಅದನ್ನಾದರೂ ಒಪ್ಪು.

ನಾನು: ಒಪ್ಪುತ್ತೇನೆ. ಹುಟ್ಟು ಈಗಾಗಲೇ ಇಳಿಯುತ್ತಿದೆ ದೊಡ್ಡಪ್ಪ. 1960ರ ದಶಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಐದು ಮಕ್ಕಳು, ಈಗ ಎರಡೂ ಚಿಲ್ಲರೆ. ಹೆಣ್ಣುಮಕ್ಕಳು ಓದಿದ ಕಡೆ, ಮಗು ಸಾಯದೆ ಉಳಿದ ಕಡೆ ತಾನಾಗಿ ಇಳಿದಿದೆ. ಆದರೂ ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2080ರ ದಶಕದಲ್ಲಿ ಸುಮಾರು 1,030 ಕೋಟಿಗೆ ಹೋಗಿ ಆಮೇಲೆ ಇಳಿಯುವುದು. ಅಲ್ಲಿವರೆಗೆ ಹದ್ದು ಕಾಯುತ್ತಾ? ಔಷಧಿ ಬದಲಾಯಿಸಲು ಅಷ್ಟು ವರ್ಷ ಬೇಕಾಗಿಲ್ಲ.

ಅತ್ತೆ: ಆ ಔಷಧಿ ನಿಂತಿತಾ ಈಗ?

ನಾನು: ದನಗಳಿಗೆ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಆದರೆ ಮನುಷ್ಯರಿಗೆ ಬರುವ ದೊಡ್ಡ ಸೀಸೆಯನ್ನೇ ತಂದು ದನಕ್ಕೆ ಚುಚ್ಚುತ್ತಿದ್ದರು, ಅದಕ್ಕೆ 2015ರಲ್ಲಿ ಇಂಜೆಕ್ಷನ್ ಸೀಸೆಯನ್ನು 3 ಮಿಲಿಗೆ ಇಳಿಸಿದರು. ಹದ್ದುಗಳ ಕುಸಿತ ನಿಧಾನವಾಗಿದೆ, ಮೊದಲಿನ ಸಂಖ್ಯೆಗೆ ಬರುವುದು ಇನ್ನೂ ದೂರ.

ದೊಡ್ಡಪ್ಪ: ನೆಲದ ವಿಷಯದಲ್ಲಿ ನಾನು ಪೂರ್ತಿ ಒಪ್ಪಿಲ್ಲ, ಅದನ್ನು ಆಮೇಲೆ ಮಾತಾಡೋಣ. ಕೊಡಬಾರದ ಔಷಧಿಗಳ ಹೆಸರು ಒಂದೇ ಮೆಸೇಜಿನಲ್ಲಿ ಬರೆದು ಹಾಕು. ದನ ಸಾಕುವವರು ಇರುವ ಗುಂಪಿಗೆ ಕಳಿಸುತ್ತೇನೆ.

ನಾನು: ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್, ನಿಮೆಸುಲೈಡ್ – ಇವು ಹದ್ದಿಗೆ ವಿಷ. ಅಸೆಕ್ಲೋಫೆನಾಕ್ ದನದ ಮೈಯೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಮೆಲೋಕ್ಸಿಕಾಮ್ ಕೊಟ್ಟರೆ ದನದ ನೋವೂ ಕಡಿಮೆಯಾಗುತ್ತದೆ, ಹದ್ದಿಗೂ ಏನೂ ಆಗುವುದಿಲ್ಲ. ಪಶುವೈದ್ಯರನ್ನು ಕೇಳಿಯೇ ಕೊಡಿ ಅಂತ ಕೊನೆಗೆ ಸೇರಿಸಿ ಕಳಿಸಿ ದೊಡ್ಡಪ್ಪ.